ಸ್ಪ್ಯಾನಿಷ್ ಸಾಹಿತ್ಯದ ಮೊದಲ ಕೋರ್ಸ್: ಪದ ಗೊತ್ತು, ಕಥೆಯೂ ಗೊತ್ತು, ಬರೆಯೋದೇನು?

ಅರ್ಧವಿರಾಮ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್ ಭಾಷೆಯ ಕೋರ್ಸುಗಳನ್ನೆಲ್ಲ ಮುಗಿಸಿ ಈ ಸಲ 'ಸಾಹಿತ್ಯದ ಓದಿಗೆ ಪ್ರವೇಶ' ಅನ್ನೋ ಕೋರ್ಸಿಗೆ ಸೇರಿದ್ದೇನೆ. ವ್ಯಾಕರಣದ ಪುಸ್ತಕ ಮುಚ್ಚಿಟ್ಟು ನೇರ ಕಥೆ, ಕವಿತೆ, ಒಂದು ನಾಟಕ. ಪಾಠ, ಚರ್ಚೆ, ಪ್ರಬಂಧ ಎಲ್ಲವೂ ಸ್ಪ್ಯಾನಿಷ್‌ನಲ್ಲೇ. ಪಟ್ಟಿಯಲ್ಲಿ ಮೊಂತೆರ್ರೋಸೊ, ಕಿರೋಗಾ, ರುಲ್ಫೊ, ಗಾರ್ಸಿಯಾ ಮಾರ್ಕೆಸ್ ಅವರ ಒಂದೊಂದು ಕಥೆ ಇದೆ. ಕವಿತೆಗೆ ಸೋರ್ ಹ್ವಾನಾ ಮತ್ತು ಲೋರ್ಕಾ. ಹಳೆಯದು ಅಂದರೆ 'ಲಸಾರೀಯೊ ದೆ ತೋರ್ಮೆಸ್'ನ ಮೊದಲ ಭಾಗ. ಕೊನೆಗೆ ಲೋರ್ಕಾನ 'ಬೆರ್ನಾರ್ದಾ ಆಲ್ಬಾಳ ಮನೆ'.

ಪದಗಳು ಹೆಚ್ಚುಕಡಿಮೆ ಅರ್ಥವಾಗುತ್ತವೆ. ಕಥೆಯಲ್ಲಿ ಏನಾಯ್ತು ಅಂತ ಕೇಳಿದರೆ ಹೇಳಬಲ್ಲೆ. ಆದರೆ ಪ್ರಬಂಧದ ಸೂಚನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲಿದೆ: ರೆಸೂಮೆನ್ ಬೇಡ, ಅನಾಲಿಸಿಸ್ ಬೇಕು. ಸಾರಾಂಶ ಬೇಡ, ವಿಶ್ಲೇಷಣೆ ಬೇಕು ಅನ್ನೋದು ತಿಳೀತು. ಆದರೆ ನನಗಿರೋ ಸ್ಪ್ಯಾನಿಷ್‌ನಲ್ಲಿ ನಾನು ವಿಶ್ಲೇಷಿಸೋದಾದರೂ ಏನನ್ನ? ಇಂಗ್ಲಿಷ್ ಅನುವಾದ ಮೊದಲು ಓದಿಕೊಂಡು ಆಮೇಲೆ ಮೂಲಕ್ಕೆ ಹೋಗಬಹುದಾ? ಕವಿತೆಯ ಮಾತ್ರೆ ಎಣಿಸೋದಕ್ಕೂ ಅಂಕ ಇದೆಯಂತೆ, ಅದನ್ನ ನೆನೆಸಿಕೊಂಡರೇ ಕೈಕಾಲು ತಣ್ಣಗಾಗುತ್ತೆ. ಈ ಕೋರ್ಸ್ ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇಬೆಂಚು

ಗಾಬರಿ ಬೇಡ. ಪಟ್ಟಿ ಚೆನ್ನಾಗಿದೆ, ಆಯ್ದವರಿಗೆ ಬುದ್ಧಿಯಿದೆ. ಎಲ್ಲ ಚಿಕ್ಕ ಚಿಕ್ಕ ಬರಹ. ಅದರ ಉದ್ದೇಶವೇ ನೀವು ಒಂದನ್ನೇ ಮತ್ತೆ ಮತ್ತೆ ಓದಲಿ ಅನ್ನೋದು. ಭಾಷೆಯ ತರಗತಿಯಲ್ಲಿ ಒಮ್ಮೆ ಓದಿ ಪ್ರಶ್ನೆಗೆ ಉತ್ತರ ಬರೆದರೆ ಮುಗೀತಿತ್ತು. ಇಲ್ಲಿ ಅರ್ಥವಾದ ಮೇಲೇ ಕೆಲಸ ಶುರು.

ಮೊಂತೆರ್ರೋಸೊನ ಡೈನೋಸಾರ್ ಕಥೆಯನ್ನೇ ತಗೊಳ್ಳಿ, 1959ರದ್ದು. ಇಡೀ ಕಥೆ ಏಳೇ ಪದ. ಯಾರಿಗೋ ಎಚ್ಚರವಾದಾಗ ಡೈನೋಸಾರ್ ಇನ್ನೂ ಅಲ್ಲೇ ಇತ್ತು, ಅಷ್ಟೇ. ಇರೋದು ಎರಡು ಕ್ರಿಯಾಪದ. ಎಚ್ಚರವಾದದ್ದು ಪ್ರೆತೆರಿತೊದಲ್ಲಿದೆ, ಅಂದರೆ ಒಂದು ಕ್ಷಣದಲ್ಲಿ ಆಗಿ ಮುಗಿದದ್ದು. ಡೈನೋಸಾರ್ ಇದ್ದದ್ದು ಇಂಪೆರ್ಫೆಕ್ತೊದಲ್ಲಿ, ಅಂದರೆ ಶುರು ಯಾವಾಗ, ಕೊನೆ ಯಾವಾಗ ಅಂತ ಹೇಳದೆ ಹರಡಿಕೊಂಡಿರೋ ಸ್ಥಿತಿ. ಎದ್ದವರು ಯಾರು ಅಂತ ಕಥೆ ಹೇಳೋದೇ ಇಲ್ಲ. ಬಂದನು, ಬಂದಳು, ಬಂದಿತು ಅಂತ ಕ್ರಿಯಾಪದದಲ್ಲೇ ಎಲ್ಲ ಕೇಳಿಸಿಕೊಂಡು ಅಭ್ಯಾಸ ಇರೋ ನಮಗೆ ಇದು ತಟ್ಟನೆ ಹೊಳೆಯಬೇಕು: ಸ್ಪ್ಯಾನಿಷ್ ಕ್ರಿಯಾಪದ ಪುರುಷ, ವಚನ ತೋರಿಸುತ್ತೆ, ಗಂಡೋ ಹೆಣ್ಣೋ ತೋರಿಸಲ್ಲ. ಆ ಏಳು ಪದದ ಮೇಲೆ ಒಂದು ಇಡೀ ತರಗತಿ ಚರ್ಚೆ ನಡೆಯೋದು ಇದಕ್ಕೇ.

ಹಾಗಾಗಿ ನನ್ನ ಸಲಹೆ ಒಂದೇ. ಮೊದಲ ಓದಿನಲ್ಲಿ ನಿಘಂಟು ಮುಟ್ಟಬೇಡಿ. ಎರಡನೇ ಸಲ ಪೆನ್ಸಿಲ್ ಹಿಡಿದು ಕ್ರಿಯಾಪದಗಳನ್ನ ಮಾತ್ರ ಗುರುತು ಮಾಡಿ. ಕಾಲ ಎಲ್ಲಿ ಬದಲಾಯಿತೋ ಅಲ್ಲಿ ಕಥೆಗಾರ ಏನೋ ಮಾಡ್ತಿದ್ದಾನೆ.

ಗಡಿಬಿಡಿ ಓದುಗ

ಇದೆಲ್ಲ ಕೇಳೋಕೆ ಚೆಂದ ಸ್ವಾಮಿ. ವಾರಕ್ಕೆ ಎರಡು ಪಾಠ, ಜೊತೆಗೆ ಬೇರೆ ವಿಷಯಗಳೂ ಇವೆ. ನಾನು ಮಾಡಿದ್ದು ಹೇಳ್ತೀನಿ: ಇಂಗ್ಲಿಷ್ ಅನುವಾದ ಮೊದಲು, ಮೂಲ ಆಮೇಲೆ. ಕಥೆ ಗೊತ್ತಿದ್ದರೆ ಸ್ಪ್ಯಾನಿಷ್ ವಾಕ್ಯ ಸಲೀಸಾಗಿ ಇಳಿಯುತ್ತೆ. ಪರೀಕ್ಷೆ ಪಾಸಾಯ್ತು, ಒಳ್ಳೇ ಅಂಕವೂ ಬಂತು. ಅನುವಾದ ಓದೋದನ್ನ ಪಾಪ ಅನ್ನೋ ಹಾಗೆ ಮಾತಾಡೋರನ್ನ ಕಂಡರೆ ನನಗೆ ನಗು ಬರುತ್ತೆ.

ಕರಿಹಲಗೆ

ಇಂಥ ಕೋರ್ಸನ್ನ ಪಾಠ ಮಾಡೋಳು ನಾನು. ಅನುವಾದದ ಜಗಳಕ್ಕೆ ಆಮೇಲೆ ಬರ್ತೀನಿ. ಅರ್ಧವಿರಾಮ ಅವರ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಗಾರ್ಸಿಯಾ ಮಾರ್ಕೆಸ್‌ದು ಯಾವ ಕಥೆ ಅಂತ ನೀವು ಬರೆದಿಲ್ಲ. ಸಾಮಾನ್ಯವಾಗಿ 1962ರ ಸಂಕಲನದ 'ಮಂಗಳವಾರದ ಮಧ್ಯಾಹ್ನದ ನಿದ್ದೆ' ಇರುತ್ತೆ, ಅದೇ ಅಂದುಕೊಳ್ತೀನಿ. ತಾಯಿ ಮಗಳು ರೈಲಿನಲ್ಲಿ ಬರ್ತಾರೆ. ಬಿಸಿಲಿಗೆ ಊರೆಲ್ಲ ಮಲಗಿದೆ. ತಾಯಿ ಪಾದ್ರಿಯ ಮನೆಗೆ ಹೋಗಿ ಸ್ಮಶಾನದ ಬೀಗದಕೈ ಕೇಳ್ತಾಳೆ. ಕಳ್ಳತನಕ್ಕೆ ಬಂದ ಅಂತ ಆ ಊರಿನ ವಿಧವೆಯೊಬ್ಬಳು ಗುಂಡು ಹಾರಿಸಿ ಕೊಂದ ಹುಡುಗ ಇವಳ ಮಗ. ಪಾದ್ರಿ ಬೀಗದಕೈ ಕೊಡ್ತಾನೆ. ಅಷ್ಟರಲ್ಲಿ ಊರವರು ಎದ್ದು ಕಿಟಕಿಯಿಂದ ನೋಡೋಕೆ ಶುರು ಮಾಡಿದ್ದಾರೆ. ಇಷ್ಟೂ ರೆಸೂಮೆನ್. ಇದನ್ನೇ ಎರಡು ಪುಟ ಹಿಗ್ಗಿಸಿ ಬರೆದರೂ ಅದು ರೆಸೂಮೆನ್ನೇ.

ಈಗ ಒಂದು ಪ್ರಶ್ನೆ ಹಾಕಿಕೊಳ್ಳಿ. ಅವರು ಅಷ್ಟು ದೂರದಿಂದ ಬಂದದ್ದು ಸಮಾಧಿ ನೋಡೋಕೆ. ಕಥೆ ಆ ಸಮಾಧಿಯನ್ನ ತೋರಿಸುತ್ತಾ? ಇಲ್ಲ. ತಾಯಿ ಮಗಳ ಕೈ ಹಿಡಿದು ಬೀದಿಗೆ ಹೊರಟಲ್ಲಿಗೆ ಮುಗಿದುಹೋಗುತ್ತೆ. ಹಾಗಾದರೆ ಕಥೆಯ ತಿರುಳು ಸಮಾಧಿಯ ಮುಂದಿಲ್ಲ, ಪಾದ್ರಿಯ ಮೇಜಿನ ಮುಂದಿದೆ: ಆ ಹೆಂಗಸು ದನಿ ಎತ್ತದೆ, ಕಣ್ಣು ಕೆಳಗೆ ಹಾಕದೆ ಉತ್ತರ ಕೊಡೋ ರೀತಿಯಲ್ಲಿ. ಇದು ನೀವು ಹೊರಡಿಸಿದ ವಾದ. ಇನ್ನು ಅವಳ ಮಾತುಗಳನ್ನ ಒಂದೊಂದಾಗಿ ಎತ್ತಿ ತೋರಿಸಿದರೆ ಅನಾಲಿಸಿಸ್ ಆಯ್ತು. ಹೇಳಿದ್ದನ್ನ ಮಾತ್ರವಲ್ಲ, ಬಿಟ್ಟದ್ದನ್ನೂ ಓದಬೇಕು. ಅದಕ್ಕೆ ದೊಡ್ಡ ಸ್ಪ್ಯಾನಿಷ್ ಬೇಕಾಗಿಲ್ಲ, ಸಣ್ಣ ಸಣ್ಣ ವಾಕ್ಯ ಸಾಕು.

ಅರ್ಧವಿರಾಮ

ಮೇಡಂ, ಅದೇ ಕಥೆ! ಸಮಾಧಿ ತೋರಿಸಲ್ಲ ಅನ್ನೋದು ಈಗ ನೀವು ಹೇಳಿದ ಮೇಲೆ ತಲೆಗೆ ಹೋಯ್ತು. ತುಂಬಾ ಥ್ಯಾಂಕ್ಸ್.

ನಿಘಂಟುದ್ವೇಷಿ

ನನ್ನ ಹೆಸರು ನೋಡಿ ಮೋಸಹೋಗಬೇಡಿ, ನಿಘಂಟು ಬೇಕು. ಆದರೆ ಸ್ಪ್ಯಾನಿಷ್–ಇಂಗ್ಲಿಷ್ ಬೇಡ, ಸ್ಪ್ಯಾನಿಷ್–ಸ್ಪ್ಯಾನಿಷ್ ಇಟ್ಕೊಳ್ಳಿ. 1713ರಲ್ಲಿ ಶುರುವಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಒಂದು ಅರ್ಥ ಬಳಕೆ ತಪ್ಪಿದ್ದರೆ ಪಕ್ಕದಲ್ಲೇ ಗುರುತು ಹಾಕಿರ್ತಾರೆ, ಲಸಾರೀಯೊ ಓದುವಾಗ ಪ್ರಾಣ ಉಳಿಸುತ್ತೆ. ಹಳೇ ಪಠ್ಯಗಳು ಬೇಕಾದರೆ ಅಲಿಕಾಂತೆ ವಿಶ್ವವಿದ್ಯಾಲಯ 1999ರಲ್ಲಿ ಶುರು ಮಾಡಿದ ಮಿಗೆಲ್ ದೆ ಸೆರ್ವಾಂತೆಸ್ ವರ್ಚುವಲ್ ಲೈಬ್ರರಿ ಇದೆ. ದುಡ್ಡು ಖರ್ಚಿಲ್ಲ.

ಎಲ್ಲ ಪದಕ್ಕೂ ಅರ್ಥ ಹುಡುಕುತ್ತಾ ಕೂತರೆ ಸಾಲುಗಳ ನಡುವೆ ಅರ್ಥ ಬರೆದು ಬರೆದು ಪುಟ ಕಪ್ಪಾಗುತ್ತೆ, ಕಥೆ ಕಾಣೆಯಾಗುತ್ತೆ. ಕಿರೋಗಾನ 'ಆ ಲಾ ದೆರಿವಾ'ದಲ್ಲಿ ಹಾವಿನ ಜಾತಿಯ ಹೆಸರು ಯಾವ ಪಠ್ಯಪುಸ್ತಕದಲ್ಲೂ ಕಲಿಸಿರಲ್ಲ. ವಿಷದ ಹಾವು ಅಂತ ಗೊತ್ತಾದರೆ ಸಾಕು, ಮುಂದೆ ಹೋಗಿ. ಹಾವು ಕಚ್ಚಿದವನು ಪರಾನಾ ನದಿಯಲ್ಲಿ ದೋಣಿ ಹಾಕಿಕೊಂಡು ಹೊರಡ್ತಾನೆ. ನೋವು ಇಳೀತಾ ಬರುತ್ತೆ, ಅವನಿಗೆ ಹಾಯೆನಿಸುತ್ತೆ, ಹಳೇ ಪರಿಚಯದವರು ನೆನಪಾಗ್ತಾರೆ. ಅವನು ಹುಷಾರಾಗ್ತಿದ್ದೀನಿ ಅಂದುಕೊಳ್ತಾನೆ, ನಮಗೆ ಅದು ಸಾವು ಅಂತ ಗೊತ್ತು. ನಿರೂಪಕ ಎಲ್ಲೂ ಅಯ್ಯೋ ಅನ್ನಲ್ಲ. ಆ ತಣ್ಣಗಿನ ದನಿ ಹೇಗೆ ಬಂತು ಅಂತ ಹುಡುಕೋದಕ್ಕೆ ಸಮಯ ಇಡಿ, ಹಾವಿನ ಹೆಸರಿಗಲ್ಲ.

ಚಿಲ್ಲರೆಮಾತು

ನನ್ನದೊಂದು ತಕರಾರು. ಸಬ್ಜಂಕ್ಟಿವ್ (ಆಸೆ, ಅನುಮಾನ ಹೇಳೋ ಕ್ರಿಯಾಪದ ರೂಪ) ಈಗಷ್ಟೇ ಮುಗಿಸಿದವರ ಕೈಗೆ ಲಸಾರೀಯೊದಂಥ 1554ರ ಪುಸ್ತಕ ಯಾಕೆ ಕೊಡ್ತಾರೆ? ನಾನು ಓದಿದ ಕಡೆ ಮಧ್ಯಯುಗದಿಂದ ಇಪ್ಪತ್ತನೇ ಶತಮಾನದವರೆಗೆ ಒಂದೇ ಸೆಮಿಸ್ಟರಿನಲ್ಲಿ ಓಡಿಸಿಬಿಟ್ಟರು. ನೆನಪಿರೋದು ಇಸವಿಗಳು ಮಾತ್ರ. ಸ್ಪ್ಯಾನಿಷ್ ಮಾತೃಭಾಷೆಯವರಿಗೇ ಸೆರ್ವಾಂತೆಸ್ ಕಷ್ಟ ಅಂತ ತಾನೇ ಲೇಖಕ ಆಂದ್ರೆಸ್ ತ್ರಪಿಯೆಯೊ 2015ರಲ್ಲಿ ಅವನ ಇಡೀ 'ದೋನ್ ಕಿಹೋತೆ'ಯನ್ನ ಇವತ್ತಿನ ಸ್ಪ್ಯಾನಿಷ್‌ಗೆ ತಂದದ್ದು? ಅವರಿಗಿರೋ ರಿಯಾಯಿತಿ ನಮಗೂ ಇರಲಿ.

ಹಳೇಬೆಂಚು

ಓಟದ ಬಗ್ಗೆ ಒಪ್ತೀನಿ, ಇಸವಿ ಉರು ಹೊಡೆಯೋದು ಓದಲ್ಲ. ಆದರೆ ಲಸಾರೀಯೊ ಬಿಡಬೇಡಿ ಮಾರಾಯ್ರೆ. ಕಷ್ಟ ಇರೋದು ಪದಗಳಲ್ಲಿ, ಅದಕ್ಕೆ ಟಿಪ್ಪಣಿ ಇರೋ ಆವೃತ್ತಿ ಸಿಗುತ್ತೆ. ಸರ್ವನಾಮ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತೆ. ನಿಮಗೆ ಕಲಿಸದೇ ಬಿಟ್ಟ ಭವಿಷ್ಯತ್ ಸಬ್ಜಂಕ್ಟಿವ್ ಅಲ್ಲೊಂದು ಇಲ್ಲೊಂದು ತಲೆ ಹಾಕುತ್ತೆ. ಇಂಥ ನಾಲ್ಕಾರು ವಿಚಿತ್ರ ಒಗ್ಗಿಬಿಟ್ಟರೆ ವಾಕ್ಯ ತಾನಾಗೇ ಓಡುತ್ತೆ.

ಕಥೆ ಹೇಳೋ ಹುಡುಗ ಲಸಾರೀಯೊಗೆ ಅವನ ಕುರುಡ ಒಡೆಯ, ಸಾಲಮಾಂಕಾ ಸೇತುವೆಯ ಬಳಿಯ ಕಲ್ಲಿನ ಗೂಳಿಗೆ ಕಿವಿ ಇಟ್ಟು ನೋಡು, ಒಳಗೆ ಸದ್ದು ಕೇಳುತ್ತೆ ಅಂತಾನೆ. ಇವನು ನಂಬಿ ಕಿವಿ ಇಟ್ಟದ್ದೇ ತಡ, ತಲೆಯನ್ನ ಕಲ್ಲಿಗೆ ಬಡೀತಾನೆ. ಕುರುಡನ ಹುಡುಗ ಆದೋನು ಸೈತಾನನಿಗಿಂತ ಒಂದು ಗುಲಗಂಜಿ ಹೆಚ್ಚು ತಿಳಿದಿರಬೇಕು ಅಂತ ಪಾಠ ಹೇಳಿ ನಗ್ತಾನೆ. ಆ ಅಧ್ಯಾಯದ ಕೊನೆಗೆ ಹುಡುಗ ಅದೇ ಕಲ್ಲಿನ ಲೆಕ್ಕವನ್ನ ಹೇಗೆ ಚುಕ್ತಾ ಮಾಡ್ತಾನೆ ಅಂತ ನೀವೇ ಓದಿ, ನಾನು ಹೇಳಲ್ಲ. ಇದನ್ನ ಬರೆದವರು ಯಾರು ಅಂತ ಇವತ್ತಿಗೂ ಇತ್ಯರ್ಥ ಆಗಿಲ್ಲ. 1559ರಲ್ಲಿ ಸ್ಪೇನಿನ ಧರ್ಮವಿಚಾರಣಾ ಮಂಡಳಿ ನಿಷೇಧದ ಪಟ್ಟಿಗೆ ಸೇರಿಸಿತ್ತು.

ಇನ್ನೊಂದು ವಿಷಯ ಗಮನಿಸಿ: ಇಡೀ ಪುಸ್ತಕ ಒಬ್ಬ ಯಜಮಾನರಿಗೆ ಬರೆದ ಪತ್ರ. 'ವುಯೆಸ್ತ್ರಾ ಮೆರ್ಸೆದ್' ಅಂತ, ನಮ್ಮ ತಾವು, ತಮ್ಮ ಸನ್ನಿಧಾನ ಅನ್ನೋ ಹಾಗೆ ಕರೀತಾನೆ. ಅವರು ಯಾವುದೋ ಒಂದು ಪ್ರಕರಣದ ಬಗ್ಗೆ ವಿವರಣೆ ಕೇಳಿದ್ದಾರೆ, ಇವನು ಹುಟ್ಟಿದಾಗಿನಿಂದ ಕಥೆ ಶುರು ಮಾಡ್ತಾನೆ. ಅಂದರೆ ಹೇಳೋನಿಗೆ ಮುಚ್ಚಿಡೋದು ಏನೋ ಇದೆ. ಮೊದಲ ಭಾಗ ಮಾತ್ರ ಓದಿಸಿದರೂ ಮುನ್ನುಡಿಯನ್ನ ಜೊತೆಗಿಟ್ಟುಕೊಂಡು ಓದಿ.

ಗಡಿಬಿಡಿ ಓದುಗ

ಸರಿ, ಕಥೆ ಸ್ವಾರಸ್ಯವಾಗಿದೆ. ಆದರೆ ನನ್ನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ಅನುವಾದ ಮೊದಲು ಓದಿದರೆ ಏನು ಕಳ್ಕೊಳ್ತೀವಿ? ಒಂದು ಉದಾಹರಣೆ ಕೊಡಿ, ಒಪ್ಕೊಳ್ತೀನಿ.

ಕರಿಹಲಗೆ

ಕೊಡ್ತೀನಿ. ರುಲ್ಫೊನ 'ನಾಯಿ ಬೊಗಳೋದು ಕೇಳಿಸೋದಿಲ್ವಾ', 1953ರ ಸಂಕಲನದ್ದು. ರಾತ್ರಿ. ಗಾಯಗೊಂಡ ಮಗ ಇಗ್ನಾಸಿಯೊನನ್ನ ಅಪ್ಪ ಹೊತ್ತುಕೊಂಡು ತೊನಾಯಾ ಅನ್ನೋ ಊರಿನ ಕಡೆ ನಡೀತಿದ್ದಾನೆ. ಊರು ಹತ್ತಿರ ಬಂದರೆ ನಾಯಿ ಬೊಗಳೋದು ಕೇಳಬೇಕು. ಹೊತ್ತವನಿಗೆ ಸರಿಯಾಗಿ ಕೇಳಿಸಲ್ಲ, ಅದಕ್ಕೆ ಮೇಲಿರೋ ಮಗನನ್ನೇ ಕೇಳ್ತಾ ಹೋಗ್ತಾನೆ. ಮಗ ದರೋಡೆ, ಕೊಲೆ ಮಾಡಿಕೊಂಡು ತಿರುಗಿದೋನು.

ಕಥೆಯ ಶುರುವಿನಲ್ಲಿ ಅಪ್ಪ ಮಗನಿಗೆ 'ತೂ' ಅಂತಾನೆ, ಅಂದರೆ ನೀನು. ಏನಾದರೂ ಕೇಳಿಸುತ್ತಾ ಹೇಳು ಅಂತಾನೆ. ನಡುವೆ ಹಳೇ ಸಿಟ್ಟು ಒಡೀತದೆ. ಇದೆಲ್ಲ ಮಾಡ್ತಿರೋದು ನಿಮಗೋಸ್ಕರ ಅಲ್ಲ, ತೀರಿಹೋದ ನಿಮ್ಮ ತಾಯಿಗೋಸ್ಕರ ಅಂತಾನೆ. ಅಲ್ಲಿ 'ತೂ' ಹೋಗಿ 'ಉಸ್ತೆದ್' ಬಂದಿದೆ. ಹೆತ್ತ ಮಗ ಹೆಗಲ ಮೇಲಿದ್ದಾನೆ, ಅವನ ಮೈಯ ಭಾರ ಅಪ್ಪನ ಮೈಮೇಲೆ ಬಿದ್ದಿದೆ, ಆಗ ಅಪ್ಪ ನೀವು ಅಂತಾನೆ. ಕನ್ನಡದವರಿಗೆ ಇದನ್ನ ವಿವರಿಸಬೇಕಾ? ಸಿಟ್ಟು ನೆತ್ತಿಗೇರಿದಾಗ 'ನೀವು ದೊಡ್ಡೋರಾಗಿಬಿಟ್ರಿ' ಅನ್ನೋ ಮಾತು ಹೇಗೆ ಕುಯ್ಯುತ್ತೆ ಅಂತ ನಮಗೆ ಗೊತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಯೂ. ಅದನ್ನ ಮೊದಲು ಓದಿ ಮೂಲಕ್ಕೆ ಬಂದವರು ಈ ಜಾಗವನ್ನ ದಾಟಿಕೊಂಡು ಹೋಗೋದನ್ನ ನಾನು ಪ್ರತಿ ಬ್ಯಾಚಿನಲ್ಲೂ ನೋಡ್ತೀನಿ. ಅವರಿಗೆ ಕಥೆ ಆಗಲೇ ಗೊತ್ತು, ಇನ್ನು ಪದದ ಮೇಲೆ ಕಣ್ಣು ಯಾಕೆ ನಿಲ್ಲಬೇಕು?

ಅನುವಾದ ಪಾಪ ಅಲ್ಲ. ಎರಡು ಸಲ ಮೂಲ ಓದಿ, ಆಮೇಲೆ ಅನುವಾದ ತೆಗೀರಿ. ಎಲ್ಲಿ ಬೇರೆಯಾಗಿದೆಯೋ ಅಲ್ಲೇ ನಿಮ್ಮ ಪ್ರಬಂಧದ ವಿಷಯ ಸಿಗೋ ಸಂಭವ ಹೆಚ್ಚು.

ಗಡಿಬಿಡಿ ಓದುಗ

ಹೋಗಿ ನೋಡಿ ಬಂದೆ. ಇದೆ. ಒಪ್ಪಿದೆ ಮೇಡಂ. (ಆದರೂ ನಾಟಕಕ್ಕೆ ಮಾತ್ರ ಅನುವಾದ ಮೊದಲು!)

ಛಂದೋಪ್ರಿಯೆ

ಕವಿತೆಗೆ ಹೆದರಿಕೊಂಡವರಿಗೆ ನಾನು. ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ: ಅದು ಮಾತ್ರೆ ಲೆಕ್ಕ ಅಲ್ಲ. ಲಘು ಗುರು ಇಲ್ಲ. ಸ್ಪ್ಯಾನಿಷ್‌ನಲ್ಲಿ ಎಣಿಸೋದು ಉಚ್ಚಾರಣೆಯ ಅಕ್ಷರಗಳನ್ನ, ಜೊತೆಗೆ ಕೊನೇ ಒತ್ತು (ಒತ್ತಕ್ಷರ ಅಲ್ಲ, ದನಿ ಬಲವಾಗಿ ಬೀಳೋ ಜಾಗ) ಎಲ್ಲಿ ಬೀಳುತ್ತೆ ಅನ್ನೋದನ್ನ.

ಸೋರ್ ಹ್ವಾನಾಳ ಪ್ರಸಿದ್ಧ ಕವಿತೆ ನಿಮ್ಮ ಪಟ್ಟಿಯಲ್ಲಿರಬೇಕು. ಹದಿನೇಳನೇ ಶತಮಾನದ ಮೆಕ್ಸಿಕೋದ ಸನ್ಯಾಸಿನಿ, ತೀರಿಕೊಂಡದ್ದು 1695ರಲ್ಲಿ. ಹೆಣ್ಣನ್ನ ವಿನಾಕಾರಣ ದೂರೋ ಮೂರ್ಖ ಗಂಡಸರೇ, ನೀವು ದೂರೋ ತಪ್ಪಿಗೆ ನೀವೇ ಕಾರಣ ಅನ್ನೋದು ಕಾಣಲ್ವಾ ಅಂತ ಶುರುವಾಗುತ್ತೆ. ಮೊದಲ ಸಾಲು: ಓಂಬ್ರೆಸ್ ನೆಸಿಯೋಸ್ ಕೆ ಅಕುಸಾಯಿಸ್. ಇದು ಎಂಟಕ್ಷರದ ಸಾಲು ಆಗಬೇಕು. ಕಣ್ಣಿನಲ್ಲಿ ಎಣಿಸಿದರೆ ಓಂ, ಬ್ರೆಸ್, ನೆ, ಸ್ಯೋಸ್, ಕೆ, ಅ, ಕು, ಸಾಯ್ಸ್, ಸರಿಯಾಗಿ ಎಂಟು ಬರುತ್ತೆ. ಖುಷಿಪಟ್ಟು ಮುಂದೆ ಹೋಗ್ತೀರಿ. ಎರಡನೇ ಸಾಲು: ಆ ಲಾ ಮುಹೆರ್ ಸಿನ್ ರಸೋನ್. ಇಲ್ಲಿ ಏಳೇ! ಸೋರ್ ಹ್ವಾನಾ ಎಡವಿದಳಾ?

ಎಡವಿಲ್ಲ. ನಿಯಮ ಎರಡು. ಒಂದು ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಲ್ಲೇ ಶುರುವಾದರೆ ಎರಡೂ ಕೂಡಿ ಒಂದಕ್ಷರ, ಅದಕ್ಕೆ ಸಿನಲೇಫಾ ಅಂತಾರೆ. ಸಂಧಿಯಂತೆಯೇ, ಬರವಣಿಗೆಯಲ್ಲಿ ಕಾಣಲ್ಲ ಅಷ್ಟೇ. ಎರಡನೇದು, ಸಾಲಿನ ಕೊನೇ ಅಕ್ಷರದ ಮೇಲೇ ಒತ್ತು ಬಿದ್ದರೆ ಲೆಕ್ಕಕ್ಕೆ ಒಂದು ಸೇರಿಸಬೇಕು. ಮೊದಲ ಸಾಲಿನಲ್ಲಿ 'ಕೆ ಅ' ಒಂದಾಗಿ ಏಳಾಯ್ತು, ಕೊನೆಗೆ ಒತ್ತು ಇರೋದರಿಂದ ಎಂಟಾಯ್ತು. ಎರಡನೇ ಸಾಲಿನಲ್ಲಿ ಸ್ವರ ಕೂಡೋದಿಲ್ಲ, ಏಳಕ್ಕೆ ಒಂದು ಸೇರಿ ಎಂಟು. ಅಂದರೆ ಮೊದಲ ಸಾಲಿನಲ್ಲಿ ಕಣ್ಣೆಣಿಕೆಗೆ ಎಂಟು ಬಂದದ್ದು ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದ್ದರಿಂದ. ಪರೀಕ್ಷೆಯಲ್ಲಿ ಬಿಡಿಸಿ ತೋರಿಸಿ ಅಂದಾಗ ಸಿಕ್ಕಿಬೀಳೋದು ಇಲ್ಲೇ. ಕೊನೆಯಿಂದ ಮೂರನೇ ಅಕ್ಷರದ ಮೇಲೆ ಒತ್ತು ಇದ್ದರೆ ಒಂದು ಕಳೀಬೇಕು, ಅದು ಅಪರೂಪ.

ಇನ್ನೊಂದು: 'ಅಕುಸಾಯಿಸ್' ಅನ್ನೋದು ವೊಸೋತ್ರೊಸ್, ಅಂದರೆ 'ನೀವೆಲ್ಲ' ಅನ್ನೋದರ ಕ್ರಿಯಾರೂಪ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಕಲಿಸೋ ತರಗತಿಗಳಲ್ಲಿ ಅದನ್ನ ಹಾರಿಸಿಬಿಡ್ತಾರೆ. ಹಳೇ ಕವಿತೆಗೆ ಅದು ಬೇಕೇ ಬೇಕು, ಒಂದು ಸಂಜೆ ಕೂತು ಕಲಿತುಬಿಡಿ.

ಅರ್ಧವಿರಾಮ

ಛಂದೋಪ್ರಿಯೆ ಅವರೇ, ಮೊದಲ ಸಾಲಿಗೆ ನಾನೂ ಎಂಟೇ ಎಣಿಸಿದ್ದು! ಲೋರ್ಕಾನ ಕವಿತೆಯಲ್ಲಿ ಪ್ರಾಸವೇ ಕಾಣ್ತಿಲ್ಲವಲ್ಲ, ಅದು ಮುಕ್ತಛಂದಸ್ಸಾ?

ಛಂದೋಪ್ರಿಯೆ

ಅಲ್ಲ ಅಲ್ಲ. 1928ರ 'ರೊಮಾನ್ಸೆರೊ ಹಿತಾನೊ' ಸಂಕಲನದ್ದಾದರೆ ಅದು ರೊಮಾನ್ಸೆ, ಸ್ಪೇನಿನ ಹಳೇ ಲಾವಣಿಯ ಮಟ್ಟು. ಎಂಟಕ್ಷರದ ಸಾಲು, ಸಮಸಂಖ್ಯೆಯ ಸಾಲುಗಳಿಗೆ ಮಾತ್ರ ಪ್ರಾಸ, ಅದೂ ಸ್ವರಪ್ರಾಸ. ವ್ಯಂಜನ ಏನಾದರೂ ಇರಲಿ, ಒತ್ತು ಬಿದ್ದ ಸ್ವರದಿಂದ ಮುಂದಿನ ಸ್ವರಗಳು ಒಂದೇ ಆಗಿರಬೇಕು. 'ಹಸಿರೇ ನಿನ್ನ ಬಯಸುವೆ' ಅಂತ ಶುರುವಾಗೋ ನಿದ್ರಾಚರ ರೊಮಾನ್ಸೆಯಲ್ಲಿ ಎರಡನೇ ಸಾಲು 'ರಾಮಾಸ್' ಅಂತ ಮುಗಿಯುತ್ತೆ, ನಾಲ್ಕನೇದು 'ಮೊಂತಾನ್ಯಾ'. ಆ–ಆ, ಆ–ಆ. ಆದಿಪ್ರಾಸದಲ್ಲಿ ವ್ಯಂಜನ ಹಿಡಿದು ಬೆಳೆದ ನಮ್ಮ ಕಿವಿಗೆ ಇದು ಮೊದಲು ಪ್ರಾಸ ಅನ್ನಿಸೋದೇ ಇಲ್ಲ. ಜೋರಾಗಿ ಓದಿ, ಮೂರು ಸಲ ಓದಿದ ಮೇಲೆ ಕೇಳುತ್ತೆ.

ಚಿಲ್ಲರೆಮಾತು

ಲ್ಯಾಟಿನ್ ಅಮೆರಿಕದ ಕಥೆ ಅಂದ ತಕ್ಷಣ ಮ್ಯಾಜಿಕ್ ರಿಯಲಿಸಂ (ದಿನನಿತ್ಯದ ಬದುಕಿನಲ್ಲೇ ಮಾಯೆ ಬೆರೆಸೋ ಬರವಣಿಗೆ) ಅಂತ ಬರೆದುಬಿಟ್ಟರೆ ಅಂಕ ಸಿಗುತ್ತಾ?

ಕರಿಹಲಗೆ

ನನ್ನ ಹತ್ತಿರ ಸಿಗಲ್ಲ. ಮೇಲೆ ಹೇಳಿದ ರುಲ್ಫೊನ ಕಥೆಯಲ್ಲಿ ಮಾಯೆ ಎಲ್ಲಿದೆ? ಮಂಗಳವಾರದ ಕಥೆಯಲ್ಲಿ? ಬಿಸಿಲು, ರೈಲು, ಬಡತನ. ಆ ಹಣೆಪಟ್ಟಿ ಹಚ್ಚಿದ ಕೂಡಲೇ ಓದು ನಿಂತುಹೋಗುತ್ತೆ.

ನಾಟಕದ ಬಗ್ಗೆ ಒಂದು ಮಾತು ಸೇರಿಸ್ತೀನಿ, ಗಡಿಬಿಡಿ ಓದುಗರ ಆವರಣದ ಮಾತು ಓದಿದೆ. 'ಬೆರ್ನಾರ್ದಾ ಆಲ್ಬಾಳ ಮನೆ'ಯನ್ನ ಲೋರ್ಕಾ ಮುಗಿಸಿದ್ದು 1936ರ ಜೂನ್‌ನಲ್ಲಿ, ಅವನನ್ನ ಕೊಂದದ್ದು ಅದೇ ಆಗಸ್ಟ್‌ನಲ್ಲಿ. ಮೊದಲ ಪ್ರದರ್ಶನ 1945ರಲ್ಲಿ, ಬ್ಯೂನಸ್ ಐರಿಸ್‌ನಲ್ಲಿ. ಎಲ್ಲರೂ ಸಂಭಾಷಣೆ ಓದಿ ರಂಗಸೂಚನೆ ಹಾರಿಸ್ತಾರೆ. ಹಾರಿಸಬೇಡಿ. ಮೊದಲ ಅಂಕದ ಕೋಣೆ ಅಚ್ಚಬಿಳಿ, ಎರಡನೇದರಲ್ಲಿ ಬರೀ ಬಿಳಿ, ಮೂರನೇದರಲ್ಲಿ ಬಿಳಿ ಗೋಡೆಗೆ ತೆಳುವಾದ ನೀಲಿ ಬಂದಿದೆ. ಮನೆಯ ಯಜಮಾನಿ ಬೆರ್ನಾರ್ದಾ ರಂಗಕ್ಕೆ ಬಂದು ಆಡೋ ಮೊದಲ ಮಾತು 'ಸಿಲೆನ್ಸಿಯೊ', ಸದ್ದು ಮಾಡಬೇಡಿ! ನಾಟಕದ ಕಟ್ಟಕಡೆಯ ಮಾತೂ ಅದೇ. ಎಲ್ಲರ ಬಾಯಲ್ಲಿರೋ, ದೊಡ್ಡ ಮಗಳಿಗೆ ಗೊತ್ತಾದ ಗಂಡು ಪೆಪೆ ಎಲ್ ರೊಮಾನೊ ಒಮ್ಮೆಯೂ ರಂಗದ ಮೇಲೆ ಬರಲ್ಲ. ಇಷ್ಟು ಸಾಕು, ಮೂರು ಪ್ರಬಂಧಕ್ಕಾಗುವಷ್ಟು ಸರಕು.

ಅರ್ಧವಿರಾಮ

ನಾನು ರುಲ್ಫೊ ಹಿಡಿದುಕೊಳ್ತೀನಿ ಮೇಡಂ. 'ತೂ' ಮತ್ತು 'ಉಸ್ತೆದ್' ಮೇಲೆ ಬರೆದರೆ ಪ್ರಬಂಧ ಆಗುತ್ತಾ? ಅಪ್ಪ ಉಸ್ತೆದ್ ಅಂದ, ಅಂದರೆ ಸಿಟ್ಟು ಬಂದಿದೆ ಅಂತ ಬರೆದರೆ ಅರ್ಧ ಪುಟಕ್ಕೇ ಮುಗಿದುಹೋಗುತ್ತಲ್ಲ ಅಂತ ಯೋಚನೆ.

ಕರಿಹಲಗೆ

ಕೊನೇ ಮಾತು ಇನ್ನೊಮ್ಮೆ ನೋಡಿ. ಊರು ಬಂತು, ಮಗನ ಬೆರಳುಗಳನ್ನ ಕುತ್ತಿಗೆಯಿಂದ ಕಷ್ಟಪಟ್ಟು ಬಿಡಿಸಿಕೊಂಡ, ಸುತ್ತ ನಾಯಿಗಳು ಬೊಗಳೋದು ಕೇಳಿಸಿತು. ಆಗ ಅಪ್ಪ ಮಗನನ್ನ ತೂ ಅಂತ ಕರೀತಾನಾ, ಉಸ್ತೆದ್ ಅಂತಾನಾ? ಮಗ ಬದುಕಿದ್ದಾನಾ ಇಲ್ವಾ ಅಂತ ಕಥೆ ಬಾಯಿಬಿಟ್ಟು ಹೇಳಿದೆಯಾ? ಇವೆರಡನ್ನೂ ಒಟ್ಟಿಗೆ ಇಟ್ಟರೆ ಅರ್ಧ ಪುಟಕ್ಕೆ ನಿಲ್ಲಲ್ಲ. ಬದಲಾವಣೆ ಆಗೋ ಪ್ರತಿಯೊಂದು ಜಾಗಕ್ಕೂ ಪುಟದ ಸಂಖ್ಯೆ ಹಾಕಿ. ಇಡೀ ಪ್ಯಾರಾ ಎತ್ತಿ ಬರೀಬೇಡಿ, ಬೇಕಾದ ನಾಲ್ಕು ಪದ ಸಾಕು. ಕಥೆಯ ಬಗ್ಗೆ ಬರೆಯೋವಾಗ ವರ್ತಮಾನ ಕಾಲ ಬಳಸಿ, ಪ್ರೆತೆರಿತೊ–ಇಂಪೆರ್ಫೆಕ್ತೊ ತಲೆನೋವು ಅರ್ಧ ತಪ್ಪುತ್ತೆ.

ಅರ್ಧವಿರಾಮ

ತೂ! ಕೊನೆಗೆ ತೂ ಅಂತಾನೆ ಮೇಡಂ. ಬರೆಯೋಕೆ ಕೂರ್ತೀನಿ. ಕರಡು ಇಲ್ಲೇ ಹಾಕಲಾ, ಹೊಸ ಚರ್ಚೆ ತೆರೀಲಾ?

ನಿಘಂಟುದ್ವೇಷಿ

ಇಲ್ಲೇ ಹಾಕಿ. ಸ್ವರದ ಮೇಲಿನ ಒತ್ತಿನ ಗೆರೆ ಬಿಟ್ಟಿದ್ದರೆ ನಾನು ಹಿಡೀತೀನಿ.